ಪದಕ್ಕೊಂದು ದಾರಿ, ಅಲಂಕಾರಕ್ಕೊಂದು ದಾರಿ: ಇಂಗ್ಲಿಷ್ ರಿವಿಷನ್‌ಗೆ ಯಾವ ವಿಧಾನ ಆರಿಸಬೇಕು?

ಪರೀಕ್ಷೆ ಹತ್ತಿರವಾದಾಗ ಇಂಗ್ಲಿಷ್ ರಿವಿಷನ್ ಹೆಚ್ಚಿನ ಮನೆಗಳಲ್ಲಿ ಒಂದೇ ಥರ ನಡೆಯುತ್ತದೆ. ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಎರಡು ಕಾಲಂ ಮಾಡಿ ಬರೆದ ಪಟ್ಟಿ ಹೊರಬರುತ್ತದೆ. ಒಂದು ಕಡೆ ಪದಗಳು, ಇನ್ನೊಂದು ಕಡೆ ಅರ್ಥ. ಅದರ ಕೆಳಗೆ ಸಿಮಿಲಿ, ಮೆಟಫರ್, ಪರ್ಸಾನಿಫಿಕೇಶನ್‌ಗಳ ವ್ಯಾಖ್ಯೆ. ಎಲ್ಲವನ್ನೂ ಒಂದೇ ರಾಗದಲ್ಲಿ ಬಾಯಿಪಾಠ ಮಾಡುವುದು.

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳು ಒಂದಾಗಿಬಿಟ್ಟಿವೆ. ಪದವನ್ನು ನೆನಪಿನಿಂದ ಹೊರಗೆಳೆಯಬೇಕು. ಅಲಂಕಾರವನ್ನು ಎದುರಿಗಿರುವ ಸಾಲಿನಲ್ಲಿ ಗುರುತಿಸಬೇಕು. ಎಸ್‌ಎಸ್‌ಎಲ್‌ಸಿ ಪತ್ರಿಕೆಯಲ್ಲಿ ಸಾಲು ಕೊಟ್ಟು ‘ಇದು ಯಾವ ಫಿಗರ್ ಆಫ್ ಸ್ಪೀಚ್’ ಎಂದು ಕೇಳುತ್ತಾರೆ; ವ್ಯಾಖ್ಯೆಯನ್ನು ಗಿಳಿಪಾಠ ಒಪ್ಪಿಸಿದರೆ ಅಲ್ಲಿ ಅಂಕ ಬರುವುದಿಲ್ಲ. ಹೀಗಾಗಿ ಯಾವ ಆ್ಯಪ್ ಒಳ್ಳೆಯದು, ಯಾವ ಗೈಡ್ ಒಳ್ಳೆಯದು ಎಂದು ಕೇಳುವ ಮೊದಲೇ ಯಾವ ಕೆಲಸಕ್ಕೆ ಎಂದು ಕೇಳಿಕೊಳ್ಳಬೇಕು.

ಪಟ್ಟಿ ಓದುವುದು ಯಾಕೆ ಮೋಸ ಮಾಡುತ್ತದೆ

ನೋಟ್‌ಬುಕ್ ಪಟ್ಟಿಯಿಂದಲೇ ಶುರುಮಾಡೋಣ, ಎಲ್ಲರ ಬಳಿ ಇರುವುದು ಅದೇ. ಖರ್ಚಿಲ್ಲ, ಬರೆಯುವಾಗ ಸ್ಪೆಲ್ಲಿಂಗ್ ಕೈಗೆ ಕೂರುತ್ತದೆ. ಅದರ ಲಾಭ ಹೆಚ್ಚುಕಡಿಮೆ ಅಷ್ಟೇ. ಪದವೂ ಅರ್ಥವೂ ಒಟ್ಟಿಗೇ ಕಣ್ಣಿಗೆ ಬೀಳುವುದರಿಂದ ‘ಇದು ಗೊತ್ತು’ ಎನ್ನಿಸುತ್ತದೆ. ಗೊತ್ತಿರುವುದು ಪದವಲ್ಲ, ಆ ಪುಟ. ಕ್ರಮವೂ ನೆನಪಿಗೆ ಅಂಟಿಕೊಳ್ಳುತ್ತದೆ: ಆರನೇ ಪದ ಹೇಳಿದರೆ ಏಳನೆಯದು ತಾನಾಗಿ ಬರುತ್ತದೆ, ಏಳನೆಯದನ್ನೇ ನೇರವಾಗಿ ಕೇಳಿದರೆ ಬಾಯಿ ಕಟ್ಟುತ್ತದೆ.

ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸುತ್ತದೆ. ಒಂದು ಗುಂಪು ಪಾಠವನ್ನು ಮತ್ತೆ ಓದಿತು, ಇನ್ನೊಂದು ಗುಂಪು ಪಾಠ ಮುಚ್ಚಿಟ್ಟು ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರದೇ ಮೇಲುಗೈ. ಒಂದು ವಾರದ ನಂತರ ಕೇಳಿದಾಗ ಲೆಕ್ಕ ತಿರುಗುಮುರುಗಾಯಿತು. ರಾತ್ರಿ ಓದಿದ್ದು ಬೆಳಗ್ಗೆ ಕಿರುಪರೀಕ್ಷೆಗೆ ಬಂದು ವಾರ್ಷಿಕ ಪರೀಕ್ಷೆಗೆ ಕೈಕೊಡುವುದು ಇದರಿಂದಲೇ.

ಪಟ್ಟಿಯನ್ನು ಬಿಟ್ಟುಬಿಡಿ ಎಂದಲ್ಲ. ಅರ್ಥದ ಕಾಲಂ ಮೇಲೆ ಸ್ಕೇಲ್ ಇಟ್ಟು ಮುಚ್ಚಿ, ಕೆಳಗಿನಿಂದ ಮೇಲಕ್ಕೆ, ಮಧ್ಯದಿಂದ ಆಚೀಚೆ ಕೇಳಿಕೊಂಡರೆ ಅದೇ ಪಟ್ಟಿ ಫ್ಲ್ಯಾಶ್‌ಕಾರ್ಡಿನ, ಅಂದರೆ ಮುಂದೆ ಪ್ರಶ್ನೆ, ಹಿಂದೆ ಉತ್ತರ ಬರೆದ ಕಾರ್ಡಿನ, ಅರ್ಧದಷ್ಟು ಕೆಲಸ ಮಾಡುತ್ತದೆ.

ಪದಗಳಿಗೆ: ಕಾಗದದ ಕಾರ್ಡೋ, ಆ್ಯಂಕಿಯೋ

ನೆನಪಿನಿಂದ ಎಳೆಯಬೇಕಾದದ್ದಕ್ಕೆ ಕಾರ್ಡು ಸರಿಯಾದ ಸಾಧನ. ಆಯ್ಕೆ ಕಾಗದ ಮತ್ತು ಫೋನಿನ ಆ್ಯಂಕಿ ಎಂಬ ಆ್ಯಪ್ ನಡುವೆ.

ಕಾಗದದ್ದಕ್ಕೆ ಒಂದು ಎ4 ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿ ಕತ್ತರಿಸಿದರೆ ಎಂಟು ಕಾರ್ಡು ಸಿಗುತ್ತವೆ. 25 ಹಾಳೆಗೆ 200. ತೆಳು ಹಾಳೆಯಲ್ಲಿ ಜೆಲ್ ಪೆನ್ನಿನ ಶಾಯಿ ಹಿಂದಕ್ಕೆ ಮೂಡಿ ಉತ್ತರ ಮೊದಲೇ ಕಾಣಿಸಿಬಿಡುತ್ತದೆ, ಬಾಲ್ ಪೆನ್ ಬಳಸಿ. ಮನೆಯಲ್ಲಿ ಬಿದ್ದಿರುವ ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನು ಇದಕ್ಕೆ ಇನ್ನೂ ಒಳ್ಳೆಯದು, ದಪ್ಪಗಿರುತ್ತದೆ, ಅಂಚು ಮುದುರುವುದಿಲ್ಲ.

ಕಾರ್ಡುಗಳನ್ನು ತಿರುಗಿಸುವ ಪದ್ಧತಿಯನ್ನು ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಜನಪ್ರಿಯಗೊಳಿಸಿದ. ಖಾನೆಗಳ ಒಂದು ಡಬ್ಬಿ. ಹೊಸ ಕಾರ್ಡು ಮೊದಲ ಖಾನೆಗೆ. ಸರಿ ಹೇಳಿದರೆ ಮುಂದಿನ ಖಾನೆಗೆ ಬಡ್ತಿ, ತಪ್ಪಿದರೆ ಎಲ್ಲೇ ಇದ್ದರೂ ಮೊದಲನೆಯದಕ್ಕೆ ವಾಪಸ್. ಮೊದಲ ಖಾನೆಯನ್ನು ದಿನಾ, ಎರಡನೆಯದನ್ನು ಎರಡು ದಿನಕ್ಕೊಮ್ಮೆ, ಮುಂದಿನವನ್ನು ನಾಲ್ಕು, ಎಂಟು, ಹದಿನಾರು ದಿನಕ್ಕೊಮ್ಮೆ ನೋಡಿದರೆ ಸಾಕು. ಪರೀಕ್ಷೆಗೆ ಮೂರೇ ವಾರ ಉಳಿದಿದ್ದರೆ ಐದು ಖಾನೆ ಅರ್ಥವಿಲ್ಲದ್ದು. ದಿನಾ, ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ ಎಂದು ಮೂರು ಖಾನೆ ಮಾಡಿ.

ಇದು ಕೆಡುವುದು ಒಂದೇ ಜಾಗದಲ್ಲಿ: ಉತ್ತರ ಬಾಯಿಗೆ ಬರುವ ಮೊದಲೇ ಕಾರ್ಡು ತಿರುಗಿಸಿ, ‘ಹೂಂ, ಗೊತ್ತಿತ್ತು’ ಎಂದು ಮುಂದಿನ ಖಾನೆಗೆ ಹಾಕುವುದು. ಉತ್ತರವನ್ನು ಗಟ್ಟಿಯಾಗಿ ಹೇಳಬೇಕು, ಸ್ಪೆಲ್ಲಿಂಗ್ ಕೇಳುವ ಪದವಾದರೆ ರಫ್ ಪುಸ್ತಕದಲ್ಲಿ ಬರೆಯಬೇಕು, ಆಮೇಲೆ ತಿರುಗಿಸಬೇಕು.

ಆ್ಯಂಕಿ ಇದೇ ಡಬ್ಬಿಯನ್ನು ಫೋನಿನೊಳಗೆ ಇಟ್ಟಂತೆ. ಯಾವ ಕಾರ್ಡು ಯಾವ ದಿನ ಬರಬೇಕೆಂಬ ಲೆಕ್ಕವನ್ನು ಅದೇ ಹಾಕುತ್ತದೆ. ಕಂಪ್ಯೂಟರಿಗೂ ಆ್ಯಂಡ್ರಾಯ್ಡಿಗೂ ಉಚಿತ, ಐಫೋನಿಗೆ ಮಾತ್ರ ದುಡ್ಡು ಕೊಡಬೇಕು. ಪ್ಲೇಸ್ಟೋರಿನಲ್ಲಿ ಹೋಲುವ ಹೆಸರಿನ ಬೇರೆ ಆ್ಯಪ್‌ಗಳಿವೆ, ನೀವು ಹುಡುಕಬೇಕಾದದ್ದು ಆ್ಯಂಕಿಡ್ರಾಯ್ಡ್.

ಹಾಕಿಕೊಂಡ ತಕ್ಷಣ ಬದಲಿಸಬೇಕಾದ ಒಂದು ಸೆಟ್ಟಿಂಗ್ ಇದೆ. ದಿನಕ್ಕೆ 20 ಹೊಸ ಕಾರ್ಡು ಎಂದು ಅದು ತಾನೇ ಇಟ್ಟುಕೊಂಡಿರುತ್ತದೆ. ಮೊದಲ ದಿನ 20 ಏನೂ ಅಲ್ಲ ಅನ್ನಿಸುತ್ತದೆ. ಆದರೆ ಹಳೆಯವು ತಿರುಗಿ ಬರುತ್ತವಲ್ಲ, ಕೆಲವು ವಾರದಲ್ಲಿ ದಿನದ ಹೊರೆ 150 ದಾಟುತ್ತದೆ. ಎರಡು ದಿನ ಊರಿಗೆ ಹೋಗಿ ಬಂದರೆ 300 ಕಾರ್ಡು ಕಾದು ಕೂತಿರುತ್ತವೆ, ಹುಡುಗ ಆ್ಯಪ್ ತೆಗೆಯುವುದನ್ನೇ ಬಿಡುತ್ತಾನೆ. ಬೇರೆ ಐದು ವಿಷಯಗಳನ್ನೂ ಓದಬೇಕಾದ ಹತ್ತನೇ ಕ್ಲಾಸಿನವರಿಗೆ 8 ಸಾಕು. ವಾರಕ್ಕೆ ಆರು ದಿನವೆಂದರೂ ಎಂಟು ವಾರದಲ್ಲಿ 384 ಪದ ಆಗುತ್ತದೆ.

ಇನ್ನೊಂದು ತಪ್ಪು ಗುಂಡಿಯದು. ಉತ್ತರ ಮರೆತಾಗ ‘ಅಗೇನ್’ ಒತ್ತಬೇಕು. ಮಾನ ಹೋಗುತ್ತದೇನೋ ಎಂಬಂತೆ ‘ಹಾರ್ಡ್’ ಒತ್ತುತ್ತಾರೆ. ಹಾರ್ಡ್ ಎಂದರೆ ಕಷ್ಟಪಟ್ಟು ಹೇಳಿದೆ ಎಂದರ್ಥ, ಆ್ಯಪ್ ಅದನ್ನು ಸರಿಯುತ್ತರವೆಂದೇ ಎಣಿಸಿ ಕಾರ್ಡನ್ನು ಮುಂದಕ್ಕೆ ದೂಡುತ್ತದೆ.

ಆಯ್ಕೆ ಹೇಗೆ? ಸ್ವಂತ ಫೋನಿದ್ದು, ಎರಡು ತಿಂಗಳಾದರೂ ಸಮಯವಿದ್ದು, ದಿನಾ ಹತ್ತು ನಿಮಿಷ ಕೊಡುವ ಶಿಸ್ತಿದ್ದರೆ ಆ್ಯಂಕಿ. ಅಪ್ಪನ ಫೋನು ರಾತ್ರಿ ಮಾತ್ರ ಸಿಗುತ್ತದೆ, ಸಿಕ್ಕರೆ ರೀಲ್ಸ್ ಕಡೆ ಬೆರಳು ಹೋಗುತ್ತದೆ ಎಂದಾದರೆ ಕಾಗದ. ಇನ್ನೂರು ಪದದವರೆಗೆ ಕಾಗದಕ್ಕೂ ಫೋನಿಗೂ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂಬುದು ನಮ್ಮ ಅಂದಾಜು. ಅದನ್ನು ಮೀರಿದರೆ ಡಬ್ಬಿ ನಿಭಾಯಿಸುವುದೇ ಒಂದು ಕೆಲಸವಾಗುತ್ತದೆ.

ಕ್ವಿಜ್ಲೆಟ್‌ನಂಥ ಜಾಲತಾಣಗಳಲ್ಲಿ ಬೇರೆಯವರು ಮಾಡಿಟ್ಟ ಸಿದ್ಧ ಕಾರ್ಡು ಸೆಟ್‌ಗಳು ಸಿಗುತ್ತವೆ. ಸಮಯ ಉಳಿಯುತ್ತದೆ ನಿಜ. ಆದರೆ ಯಾರು ಮಾಡಿದ್ದೆಂದು ಗೊತ್ತಿರುವುದಿಲ್ಲ, ತಪ್ಪುಗಳಿರುತ್ತವೆ, ಬಹಳಷ್ಟು ಅಮೆರಿಕದ ಶಾಲೆಗಳ ಪಾಠಕ್ಕೆ ಮಾಡಿದವು. ಕಾರ್ಡು ಬರೆಯುವ ಶ್ರಮದಲ್ಲೇ ಅರ್ಧ ಕಲಿಕೆ ಆಗಿರುತ್ತದೆ, ಅದೂ ಕೈತಪ್ಪುತ್ತದೆ.

ಕಾರ್ಡಿನ ಮೇಲೆ ಏನಿರಬೇಕು

ಸಾಧನಕ್ಕಿಂತ ಇದು ದೊಡ್ಡ ವಿಷಯ. ಮುಂದೆ ಇಂಗ್ಲಿಷ್ ಪದ, ಹಿಂದೆ ಕನ್ನಡದ ಒಂದು ಪದ, ಎಲ್ಲರೂ ಹೀಗೇ ಮಾಡುತ್ತಾರೆ. ಮೊದಲ ಸುತ್ತಿಗೆ ತಪ್ಪೇನಿಲ್ಲ, ಕನ್ನಡದ ಅರ್ಥ ಬೇಗ ಹಿಡಿಯುತ್ತದೆ. ಆದರೆ ‘ಲೆಂಡ್’ ಹಿಂದೆಯೂ ಸಾಲ, ‘ಬಾರೋ’ ಹಿಂದೆಯೂ ಸಾಲ ಎಂದು ಬರೆದರೆ ಎರಡು ಕಾರ್ಡೂ ವ್ಯರ್ಥ. ‘ರಿಮೆಂಬರ್’, ‘ರಿಮೈಂಡ್’ ಎರಡಕ್ಕೂ ನೆನಪು. ‘ಸೇ’, ‘ಟೆಲ್’ ಎರಡಕ್ಕೂ ಹೇಳು. ಕನ್ನಡದಲ್ಲಿ ತಪ್ಪೂ ಮಾಡುತ್ತೇವೆ, ಹೋಂವರ್ಕೂ ಮಾಡುತ್ತೇವೆ. ಇಂಗ್ಲಿಷಿನಲ್ಲಿ ಮಿಸ್ಟೇಕಿಗೆ ‘ಮೇಕ್’, ಹೋಂವರ್ಕಿಗೆ ‘ಡೂ’.

ಹಾಗಾಗಿ ಎರಡನೇ ವಾರದಿಂದ ಕಾರ್ಡಿನ ಮುಖ ಬದಲಿಸಿ. ಪದದ ಜಾಗ ಖಾಲಿ ಬಿಟ್ಟ ಇಡೀ ಇಂಗ್ಲಿಷ್ ವಾಕ್ಯ ಮುಂದೆ, ಹಿಂದೆ ಪದ. ‘ಕ್ಯಾನ್ ಐ ಡ್ಯಾಶ್ ಯುವರ್ ಪೆನ್’ ಎಂದಾಗ ಬಾರೋ, ‘ಪ್ಲೀಸ್ ಡ್ಯಾಶ್ ಮಿ ಯುವರ್ ಪೆನ್’ ಎಂದಾಗ ಲೆಂಡ್. ಆ್ಯಂಕಿಯಲ್ಲಿ ಇದಕ್ಕೆ ‘ಕ್ಲೋಜ್’ ಎಂಬ ಸಿದ್ಧ ನಮೂನೆಯಿದೆ. ಪತ್ರಿಕೆಯ ಬಿಟ್ಟ ಸ್ಥಳ ತುಂಬುವ ಪ್ರಶ್ನೆಗೂ ಇದೇ ಅಭ್ಯಾಸ.

ಎಷ್ಟು ಸಲ ನೋಡಿದರೂ ತಲೆಗೆ ಹತ್ತದ ಪದಗಳು ಪ್ರತಿಯೊಬ್ಬರಿಗೂ ಹತ್ತಿಪ್ಪತ್ತು ಇರುತ್ತವೆ. ಅವಕ್ಕೆ ಮಾತ್ರ ಸದ್ದಿನ ಕೊಕ್ಕೆ ಹಾಕಿ. ‘ಕ್ಯಾಂಡಿಡ್’ ಎಂದರೆ ಕಂಡಿದ್ದು ಕಂಡ ಹಾಗೆ ಹೇಳುವವನು. ‘ಕ್ಯಾಲಸ್’ ಎಂದರೆ ಕಲ್ಲುಮನಸ್ಸಿನವನು. ‘ಮೆಲೋ’ ಎಂದರೆ ಮೆಲ್ಲಗಿನ, ಹದವಾದ ಗುಣ. ಇವು ಪದದ ಮೂಲವಲ್ಲ, ಬರೀ ಗುರುತು. ಮಕ್ಕಳಿಗೆ ಅದನ್ನು ಹೇಳಿಯೇ ಕೊಡಬೇಕು. ಪ್ರತಿ ಪದಕ್ಕೂ ಕೊಕ್ಕೆ ಹುಡುಕುತ್ತ ಕೂತರೆ ಸಂಜೆಯೆಲ್ಲ ಕಳೆಯುತ್ತದೆ.

ಮೂಲಧಾತು, ಪೂರ್ವಪ್ರತ್ಯಯ ಕಲಿಯುವ ದಾರಿ ಪಿಯುಸಿ ಮತ್ತು ಮೇಲಿನವರಿಗೆ ಲಾಭದ್ದು. ‘ಬೆನೆ’ ಎಂದರೆ ಒಳ್ಳೆಯದು, ‘ಮ್ಯಾಲ್’ ಎಂದರೆ ಕೆಟ್ಟದ್ದು ಎಂದು ತಿಳಿದರೆ ಒಂದಷ್ಟು ಪದ ಒಟ್ಟಿಗೆ ಬಿಡಿಸಿಕೊಳ್ಳುತ್ತವೆ. ಪೂರ್ತಿ ನಂಬಬೇಡಿ: ‘ಇನ್’ ಎಂದರೆ ಇಲ್ಲ ಎಂದುಕೊಂಡವರು ‘ಇನ್‌ಫ್ಲೇಮಬಲ್’ ಎಂದರೆ ಬೆಂಕಿ ಹತ್ತದ್ದು ಎನ್ನುತ್ತಾರೆ. ಅದು ಸುಲಭವಾಗಿ ಹತ್ತಿಕೊಳ್ಳುವುದು. ‘ಇನ್‌ವ್ಯಾಲ್ಯೂಯಬಲ್’ ಕೂಡ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು.

‘ಸಂದರ್ಭದಿಂದ ಊಹಿಸಿ’ ಎಂಬ ಸಲಹೆ ಎಲ್ಲ ಶಿಕ್ಷಕರೂ ಕೊಡುತ್ತಾರೆ. ಅದಕ್ಕೊಂದು ಮಿತಿ ಇದೆ. ಮಾರ್ಸೆಲಾ ಹೂ ಮತ್ತು ಪಾಲ್ ನೇಷನ್ ಎಂಬ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕತೆಯೊಂದು ಯಾರ ಸಹಾಯವೂ ಇಲ್ಲದೆ ಚೆನ್ನಾಗಿ ಅರ್ಥವಾಗಲು ಅದರ ಸುಮಾರು 98% ಪದಗಳು ಗೊತ್ತಿರಬೇಕು. ನೂರು ಪದದ ಪ್ಯಾರಾದಲ್ಲಿ ಹತ್ತು ಗೊತ್ತಿಲ್ಲದವು ಇದ್ದರೆ ಊಹೆಗೆ ಆಧಾರವೇ ಇರುವುದಿಲ್ಲ. ಕನ್ನಡ ಮಾಧ್ಯಮದಿಂದ ಪಿಯುಸಿಗೆ ಬಂದವರಿಗೆ ಮೊದಲ ಕೆಲವು ತಿಂಗಳು ಕಾರ್ಡು ಮೊದಲು, ಊಹೆ ಆಮೇಲೆ.

ಡಿಕ್ಷನರಿ: ಇಂಗ್ಲಿಷ್-ಕನ್ನಡವೋ, ಇಂಗ್ಲಿಷ್-ಇಂಗ್ಲಿಷೋ

ಜಗಳ ಬೇಡ, ಎರಡೂ ಬೇಕು. ಅರ್ಥ ಏನೆಂದು ತಿಳಿಯಲು ಇಂಗ್ಲಿಷ್-ಕನ್ನಡ. ಹೇಗೆ ಬಳಸುವುದೆಂದು ತಿಳಿಯಲು ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್-ಇಂಗ್ಲಿಷ್. ಲಾಂಗ್‌ಮನ್ನಿನ ಇಂಥ ಡಿಕ್ಷನರಿ ಸುಮಾರು 2000 ಸುಲಭ ಪದಗಳಲ್ಲೇ ಅರ್ಥ ವಿವರಿಸುತ್ತದೆ. ಆಕ್ಸ್‌ಫರ್ಡಿನದೂ ಇದೇ ದಾರಿಯದು. ಇವು ಉಚಿತವಾಗಿ ಅಂತರ್ಜಾಲದಲ್ಲೂ ಸಿಗುತ್ತವೆ, ಉಚ್ಚಾರ ಕೇಳಬಹುದು. ಇಂಗ್ಲೆಂಡಿನವರಿಗಾಗಿ ಮಾಡಿದ ದೊಡ್ಡ ಡಿಕ್ಷನರಿ ತಂದಿಟ್ಟರೆ ಒಂದು ಪದಕ್ಕೆ ಇನ್ನೂ ಕಷ್ಟದ ಮೂರು ಪದ ಸಿಗುತ್ತವೆ.

ಹಳೆಯ ಪದ್ಯಗಳ ಮುಂದೆ ಎರಡೂ ಸೋಲುತ್ತವೆ. ಷೇಕ್ಸ್‌ಪಿಯರನ ‘ದ ಮರ್ಚಂಟ್ ಆಫ್ ವೆನಿಸ್’ನಲ್ಲಿ ಪೋರ್ಷಿಯಾ, ಕರುಣೆಯ ಗುಣ ‘ಸ್ಟ್ರೇನ್ಡ್’ ಅಲ್ಲ ಎನ್ನುತ್ತಾಳೆ. ಇಂದಿನ ಡಿಕ್ಷನರಿ ನೋಡಿದವನು ಒತ್ತಡ, ಸುಸ್ತು, ಇಲ್ಲವೇ ಸೋಸಿದ್ದು ಎಂದು ಬರೆಯುತ್ತಾನೆ. ಅಲ್ಲಿ ಅದರ ಅರ್ಥ ಬಲವಂತದ್ದು ಎಂದು: ಕರುಣೆ ಬಲವಂತದಿಂದ ಬರುವಂಥದ್ದಲ್ಲ. ಇಂಥ ಕಡೆ ಪಠ್ಯಪುಸ್ತಕದ ಕೊನೆಯಲ್ಲಿರುವ ಪದಾರ್ಥ ಪಟ್ಟಿಯೇ ಮೊದಲ ಪ್ರಮಾಣ.

ಅಲಂಕಾರಗಳಿಗೆ: ಬೆರೆಸಿದ ಸಾಲುಗಳು

ಈಗ ಎರಡನೇ ಕೆಲಸ. ಇಲ್ಲಿ ವ್ಯಾಖ್ಯೆಯ ಕಾರ್ಡು ಬಹಳ ದೂರ ಬರುವುದಿಲ್ಲ. ಗೈಡ್‌ಗಳು ಸಿಮಿಲಿಗೆ ಹತ್ತು ಉದಾಹರಣೆ, ಮೆಟಫರಿಗೆ ಹತ್ತು ಎಂದು ಗುಂಪುಗುಂಪಾಗಿ ಕೊಡುತ್ತವೆ. ಸಿಮಿಲಿ ಎಂಬ ತಲೆಬರಹದ ಕೆಳಗಿರುವ ಸಾಲು ಸಿಮಿಲಿ ಎಂದು ಹೇಳಲು ಯೋಚಿಸಬೇಕಿಲ್ಲ, ಪರೀಕ್ಷೆಯಲ್ಲಿ ತಲೆಬರಹ ಇರುವುದಿಲ್ಲ.

ಕಾರ್ನೆಲ್ ಮತ್ತು ಬ್ಯೋರ್ಕ್ ಎಂಬ ಮನಶ್ಶಾಸ್ತ್ರಜ್ಞರು 2008ರ ಪ್ರಯೋಗದಲ್ಲಿ 12 ಚಿತ್ರಕಾರರ ತಲಾ ಆರು ಚಿತ್ರಗಳನ್ನು ತೋರಿಸಿದ್ದರು. ಕೆಲವರ ಚಿತ್ರಗಳನ್ನು ಒಟ್ಟೊಟ್ಟಿಗೆ, ಕೆಲವರವನ್ನು ಬೆರೆಸಿ. ಹೊಸ ಚಿತ್ರ ಕೊಟ್ಟು ಯಾರದೆಂದು ಕೇಳಿದಾಗ ಬೆರೆಸಿ ನೋಡಿದ್ದೇ ಹೆಚ್ಚು ನೆರವಾಗಿತ್ತು; ಆದರೂ ಹೆಚ್ಚಿನವರು ಒಟ್ಟೊಟ್ಟಿಗೆ ನೋಡಿದ್ದೇ ಅನುಕೂಲವಾಯಿತು ಎಂದು ನಂಬಿದ್ದರು. ಕಾಣದ ಸಾಲಿನಲ್ಲಿ ಅಲಂಕಾರ ಗುರುತಿಸುವುದೂ ಇದೇ ಜಾತಿಯ ಕೆಲಸ.

ಮಾಡುವುದು ಹೀಗೆ: ನಿಮ್ಮ ಪಠ್ಯದ ಪದ್ಯಗಳಿಂದ 40 ಸಾಲು ಆರಿಸಿ, ಒಂದೊಂದು ಚೀಟಿಗೆ ಒಂದು. ಅದರಲ್ಲಿ ಎಂಟಾದರೂ ಯಾವ ಅಲಂಕಾರವೂ ಇಲ್ಲದ ಸಾದಾ ಸಾಲುಗಳಿರಲಿ. ಇದು ಮುಖ್ಯ, ಇಲ್ಲದಿದ್ದರೆ ಎಲ್ಲ ಸಾಲಿಗೂ ಏನಾದರೊಂದು ಹೆಸರು ಅಂಟಿಸುವ ಚಟ ಬೆಳೆಯುತ್ತದೆ. ಚೀಟಿ ಕಲಸಿ ಒಂದೊಂದೇ ತೆಗೆದು ಅಲಂಕಾರದ ಹೆಸರನ್ನೂ ಒಂದು ಸಾಲಿನ ಕಾರಣವನ್ನೂ ಹೇಳಬೇಕು. ಹೆಸರು ಸರಿಯಿದ್ದು ಕಾರಣ ತಪ್ಪಿದ್ದರೆ ತಪ್ಪೆಂದೇ ಲೆಕ್ಕ. ಗೆಳೆಯರಿಬ್ಬರು ಎದುರುಬದುರು ಕೂತು ಮಾಡಿದರೆ ಒಬ್ಬರ ಕಾರಣವನ್ನು ಇನ್ನೊಬ್ಬರು ಕೆದಕುತ್ತಾರೆ. ಗುಂಪಿನಲ್ಲಿ ಓದುವುದರಿಂದ ಲಾಭವಾಗುವ ಅಪರೂಪದ ಜಾಗ ಇದು.

ಮೇಲೆ ಹೇಳಿದ ಪೋರ್ಷಿಯಾಳ ಮಾತನ್ನೇ ಹತ್ತಿರದಿಂದ ನೋಡಿ. ಕರುಣೆ ಆಕಾಶದಿಂದ ಮೃದು ಮಳೆಯ ಹಾಗೆ ಬೀಳುತ್ತದೆ ಎನ್ನುತ್ತಾಳೆ, ‘ಆ್ಯಸ್’ ಎಂಬ ಪದವಿದೆ, ಕರುಣೆ-ಮಳೆ ಎರಡು ಬೇರೆ ಜಾತಿಯವು. ಹಾಗಾಗಿ ಸಿಮಿಲಿ. ಮುಂದೆ ರಾಜನ ‘ಸೆಪ್ಟರ್’, ಅಂದರೆ ರಾಜದಂಡ, ಲೌಕಿಕ ಅಧಿಕಾರದ ಗುರುತಾಗಿ ಬರುತ್ತದೆ. ಆಮೇಲೆ ಕರುಣೆ ಆ ದಂಡದ ಆಳ್ವಿಕೆಗಿಂತ ಮೇಲಿನದು ಎಂದಾಗ ದಂಡವೇ ಅಧಿಕಾರದ ಬದಲಿಗೆ ನಿಂತಿದೆ, ಅದು ಮೆಟಾನಮಿ. ಕರುಣೆ ರಾಜರ ಹೃದಯದಲ್ಲಿ ಸಿಂಹಾಸನವೇರಿ ಕೂತಿದೆ ಎನ್ನುವಾಗ ಪರ್ಸಾನಿಫಿಕೇಶನ್. ಒಂದೇ ಭಾಷಣದಿಂದ ಮೂರು ಚೀಟಿ ಸಿಕ್ಕವು.

ಎಡವುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ‘ಲೈಕ್’, ‘ಆ್ಯಸ್’ ಕಂಡರೆ ಸಿಮಿಲಿ ಎಂಬ ಕುರುಡು ನಿಯಮ ಮೊದಲನೆಯದು. ‘ಶಿ ಈಸ್ ಆ್ಯಸ್ ಟಾಲ್ ಆ್ಯಸ್ ಹರ್ ಸಿಸ್ಟರ್’ ಬರೀ ಅಳತೆ, ಸಿಮಿಲಿಯಲ್ಲ. ‘ಐ ಲೈಕ್ ಮ್ಯಾಂಗೋಸ್’ ಅಂತೂ ಅಲ್ಲವೇ ಅಲ್ಲ. ಆಕ್ಸಿಮೊರಾನ್ ಮತ್ತು ಪ್ಯಾರಡಾಕ್ಸ್ ಇನ್ನೊಂದು ಜೋಡಿ: ವಿರುದ್ಧಾರ್ಥದ ಎರಡು ಪದ ಪಕ್ಕಪಕ್ಕ ಕೂತರೆ ಆಕ್ಸಿಮೊರಾನ್, ಇಡೀ ಹೇಳಿಕೆಯೇ ವಿರುದ್ಧವೆನಿಸಿ ಒಳಗೆ ನಿಜವಿದ್ದರೆ ಪ್ಯಾರಡಾಕ್ಸ್. ‘ಅಪಾಸ್ಟ್ರಫಿ’ ಎಂದು ಕೇಳಿದರೆ ಅಕ್ಷರದ ಮೇಲಿನ ಚಿಹ್ನೆ ನೆನಪಾಗುತ್ತದೆ, ಕಾವ್ಯದಲ್ಲಿ ಅದು ಎದುರಿಗಿಲ್ಲದವರನ್ನೋ ಸಾವನ್ನೋ ಚಂದ್ರನನ್ನೋ ಕರೆದು ಮಾತಾಡಿಸುವುದು. ‘ಗಾಳಿ ಕಳ್ಳನ ಹಾಗೆ ಪಿಸುಗುಟ್ಟಿತು’ ಎಂಬಂಥ ಸಾಲಿನಲ್ಲಿ ಸಿಮಿಲಿಯೂ ಇದೆ, ಪರ್ಸಾನಿಫಿಕೇಶನ್ನೂ ಇದೆ. ಒಂದೇ ಕೇಳಿದ್ದರೆ ಒಂದನ್ನು ಬರೆದು ಆ ಪದವನ್ನು ಎತ್ತಿ ತೋರಿಸಿ.

ಅಲಿಟರೇಶನ್ನಿನಲ್ಲಿ ಕನ್ನಡದವರಿಗೊಂದು ಅನುಕೂಲವಿದೆ. ಅದು ಸದ್ದಿನ ಪುನರಾವರ್ತನೆ, ಅಕ್ಷರದ್ದಲ್ಲ. ಅನುಮಾನ ಬಂದಾಗ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡಿ. ‘ನೈಫ್’, ‘ನೈಟ್’ ಎಂದು ಬರೆದಾಗ ಒಂದೇ ಸದ್ದಿನಿಂದ ಶುರುವಾಗುವುದು ಕಾಣುತ್ತದೆ, ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಒಂದು ಕೆ, ಒಂದು ಎನ್. ‘ಸಿಟಿ’, ‘ಕ್ಯಾಟ್’ ಎರಡೂ ಸಿ ಅಕ್ಷರದವು, ಅಲಿಟರೇಶನ್ ಅಲ್ಲ. ಪ್ರಾಸ ಗುರುತಿಸಲೂ ಇದೇ ಉಪಾಯ: ‘ಲವ್’, ‘ಮೂವ್’ ಕಣ್ಣಿಗೆ ಪ್ರಾಸ, ಕಿವಿಗಲ್ಲ.

ಕನ್ನಡ ವ್ಯಾಕರಣದ ಅಲಂಕಾರಗಳನ್ನು ಆಸರೆಯಾಗಿ ಬಳಸಬಹುದೇ? ಬಳಸಬಹುದು, ಎಚ್ಚರದಿಂದ. ‘ಸೀತೆಯ ಮುಖ ಚಂದ್ರನಂತೆ ಮನೋಹರವಾಗಿದೆ’ ಎಂಬುದರಲ್ಲಿ ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಬಿಡಿಸಲು ಬಲ್ಲವನಿಗೆ ಸಿಮಿಲಿಯ ಕಾರಣ ಬರೆಯುವುದು ನೀರು ಕುಡಿದಷ್ಟು ಸುಲಭ. ರೂಪಕ-ಮೆಟಫರ್, ಶ್ಲೇಷೆ-ಪನ್ ಕೂಡ ಬಹುಮಟ್ಟಿಗೆ ಹೊಂದುತ್ತವೆ. ಆದರೆ ಉತ್ಪ್ರೇಕ್ಷೆಗೆ ಇಂಗ್ಲಿಷಿನಲ್ಲಿ ಬೇರೆ ಖಾನೆಯಿಲ್ಲ, ‘ಆ್ಯಸ್ ದೋ’ ಎಂದು ಬಂದ ಹೋಲಿಕೆಯನ್ನು ಸಿಮಿಲಿಗೇ ಸೇರಿಸುತ್ತಾರೆ. ಹೆಸರಿನ ಹತ್ತಿರದಿಂದ ಮೋಸಹೋಗಿ ಉತ್ಪ್ರೇಕ್ಷೆಯನ್ನು ಹೈಪರ್ಬೊಲಿ ಎನ್ನುವವರಿದ್ದಾರೆ. ಹೈಪರ್ಬೊಲಿಗೆ ಹತ್ತಿರದ್ದು ಅತಿಶಯೋಕ್ತಿ.

ಗೈಡ್, ಪಾಸಿಂಗ್ ಪ್ಯಾಕೇಜ್, ಹಳೆಯ ಪತ್ರಿಕೆ

ಪಾಸಿಂಗ್ ಪ್ಯಾಕೇಜ್ ಅದರ ಹೆಸರಿನಷ್ಟೇ ಕೆಲಸಕ್ಕೆ. ಓದಿನಲ್ಲಿ ಬಹಳ ಹಿಂದಿರುವವರಿಗೆ ಕೊನೆಯ ದಿನಗಳಲ್ಲಿ ಅದು ಬೇಕು, ಉಳಿದವರಿಗೆ ಬೇಡ. ಗೈಡ್‌ಗಳಲ್ಲಿ ಉತ್ತರವಿರುತ್ತದೆ, ಕಾರಣ ಇರುವುದು ಕಡಿಮೆ. ಬಳಸುವುದಾದರೆ ಉತ್ತರ ಮುಚ್ಚಿ ಬಳಸಿ, ಮತ್ತು ಗೈಡು ಹೇಳಿದ ಅಲಂಕಾರಕ್ಕೆ ನಿಮ್ಮ ಕಾರಣ ಹೊಂದದಿದ್ದರೆ ಶಿಕ್ಷಕರನ್ನು ಕೇಳಿ, ಗೈಡೇ ತಪ್ಪಿರುವುದೂ ಉಂಟು.

ಇವೆರಡಕ್ಕಿಂತ ಹಳೆಯ ಮತ್ತು ಮಾದರಿ ಪತ್ರಿಕೆಗಳು ಮೇಲು. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ತನ್ನ ಜಾಲತಾಣದಲ್ಲಿ ಮಾದರಿ ಪತ್ರಿಕೆಗಳನ್ನು ಉಚಿತವಾಗಿ ಹಾಕುತ್ತದೆ. ಎಸ್‌ಎಸ್‌ಎಲ್‌ಸಿ ದ್ವಿತೀಯ ಭಾಷೆ ಇಂಗ್ಲಿಷಿನ ಲಿಖಿತ ಪರೀಕ್ಷೆ 80 ಅಂಕದ್ದು. ಅದರಲ್ಲಿ ಪದ ಮತ್ತು ಅಲಂಕಾರಕ್ಕೆ ನೇರವಾಗಿ ಎಷ್ಟು ಅಂಕ ಎಂದು ನಾಲ್ಕು ಪತ್ರಿಕೆ ಹರಡಿಕೊಂಡು ನೀವೇ ಎಣಿಸಿ, ಆ ಪ್ರಮಾಣಕ್ಕೆ ತಕ್ಕಷ್ಟೇ ಸಮಯ ಕೊಡಿ. ಪತ್ರಬರಹಕ್ಕೂ ಪದ್ಯದ ಪ್ರಶ್ನೆಗಳಿಗೂ ಸಮಯ ಬೇಕಲ್ಲ. ಪತ್ರಿಕೆಗಳನ್ನು ಮೊದಲೇ ಮುಗಿಸಿಬಿಡುವುದು ಸಾಮಾನ್ಯ ತಪ್ಪು. ಒಂದನ್ನು ಶುರುವಿಗೆ ಅಳತೆಗೆಂದು ಬಿಡಿಸಿ, ಉಳಿದವನ್ನು ಕೊನೆಯ ಎರಡು ವಾರಕ್ಕೆ ಇಟ್ಟುಕೊಳ್ಳಿ.

ಎಷ್ಟು ದಿನ ಉಳಿದಿದೆ

ಎರಡು ತಿಂಗಳಿದ್ದರೆ ದಿನಾ 8 ಹೊಸ ಪದ, ಫೋನೋ ಕಾಗದವೋ ನಿಮ್ಮಿಷ್ಟ. ವಾರಕ್ಕೆರಡು ಸಲ ಅಲಂಕಾರದ ಚೀಟಿ, ಒಂದು ಸಲಕ್ಕೆ 15 ಸಾಲು. ಮೂರು ವಾರವಿದ್ದರೆ ಆ್ಯಂಕಿ ಕಲಿಯಲು ಹೋಗಬೇಡಿ, ಮೂರು ಖಾನೆಯ ಡಬ್ಬಿ ಮಾಡಿ, ಪದಗಳನ್ನು ಪಠ್ಯದ ಪಾಠಗಳಿಗೆ ಮಾತ್ರ ಸೀಮಿತಗೊಳಿಸಿ, ಚೀಟಿಯ ಸಾಲುಗಳನ್ನು ದಿನ ಬಿಟ್ಟು ದಿನ ತೆಗೆಯಿರಿ. ಮೂರೇ ದಿನವಿದ್ದರೆ ಹೊಸ ಕಾರ್ಡು ಒಂದೂ ಬೇಡ. ತಪ್ಪಿದ ಪದಗಳನ್ನಷ್ಟೇ ನೋಡಿ, 40 ಚೀಟಿಯನ್ನು ದಿನಕ್ಕೊಂದು ಸುತ್ತು ಕಲಸಿ ತೆಗೆಯಿರಿ, ಉಳಿಸಿಕೊಂಡ ಪತ್ರಿಕೆಯೊಂದನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ.